ಗಂಟಲು, ಕಿವಿ ಮತ್ತು ಡ್ಯಾಂ ಸೈರನ್

ಜೂನ್ 1

ಎಂಥ ದಿನ! ಬಾಯಿಗೆ ಬೀಗ ಬಿದ್ದಿದೆ, ಅದಕ್ಕೇ ಕೈಗೆ ಪೆನ್ನು ಬಂದಿದೆ. ಡಾಕ್ಟರ್ ನಾಗಭೂಷಣ ಅವರ ಆಜ್ಞೆ: "ಶಂಭುಲಿಂಗಪ್ಪಾರ, ಮಾತು ಕಮ್ಮಿ ಮಾಡ್ರಿ. ಗಂಟಲಿಗೆ ರೆಸ್ಟ್ ಬೇಕು." ಯಾರಿಗೆ ಹೇಳುತ್ತಿದ್ದಾರೆ ನೋಡಿ! ತುಂಗಭದ್ರೆಯ ಟಿ.ಬಿ. ಡ್ಯಾಂ ಆಫೀಸಿನ ಜೀಪಿನಲ್ಲಿ ಮೈಕು ಹಿಡಿದು, ಮಳೆಗಾಲದಲ್ಲಿ ಗೇಟು ತೆಗೆಯುವ ಮುಂಚೆ ಹೊಸಪೇಟೆಯಿಂದ ಕಂಪ್ಲಿಯವರೆಗೆ ನದಿದಂಡೆಯ ಊರೂರು ಕೂಗಿಕೊಂಡು ಹೋದವನು ನಾನು. "ನದಿಪಾತ್ರದ ಜನರು ದನಕರು, ಪಂಪ್‌ಸೆಟ್ಟು ಸಮೇತ ಎತ್ತರದ ಜಾಗಕ್ಕೆ ಹೋಗತಕ್ಕದ್ದು!" ರಿಟೈರ್ ಆದ ಮೇಲೂ ಆಫೀಸಿನವರು ನನ್ನನ್ನೇ ಕರೆಯುತ್ತಾರೆ. ಹೊಸ ಹುಡುಗರು ಕೂಗಿದರೆ ಜನ ಕಾಫಿ ಕುಡಿಯುತ್ತಾ ಕೂತಿರುತ್ತಾರಂತೆ. ನಾನು ಕೂಗಿದರೆ ಎದ್ದು ಓಡುತ್ತಾರೆ.

ಎಲ್ಲಿದ್ದೆ? ಹಾಂ, ಗಂಟಲು. ಧ್ವನಿಪೆಟ್ಟಿಗೆಯಲ್ಲಿ ಕ್ಯಾನ್ಸರ್. ಟು ಬಿ ವೆರಿ ಫ್ರಾಂಕ್, ಆ ಶಬ್ದ ಕೇಳಿ ಮಗ ಬಸವಕುಮಾರನ ಮುಖ ಬಿಳುಚಿತು. ನನಗೆ ಮಾತ್ರ ಪಿಯುಸಿ ರಿಸಲ್ಟಿನ ದಿನದಂತೆ ಮೈ ಜುಂ ಎಂದಿತು. ಯಾಕೆಂದರೆ ದಾರಿ ಎರಡಿವೆ! ಒಂದು, ಆಪರೇಷನ್: ಪೆಟ್ಟಿಗೆಯನ್ನೇ ತೆಗೆಯುವುದು, ಕತ್ತಿನಲ್ಲಿ ತೂತು ಮಾಡಿ ಅದರಿಂದ ಉಸಿರಾಡುವುದು, ಈ ಧ್ವನಿಗೆ ಗುಡ್‌ಬೈ. ಇನ್ನೊಂದು, ಮೊದಲು ಕೀಮೋ ಔಷಧಿ ಮೂರು ಸುತ್ತು ಕೊಟ್ಟು ನೋಡುವುದು. ಗಡ್ಡೆ ಅರ್ಧಕ್ಕಿಂತ ಹೆಚ್ಚು ಕರಗಿದರೆ ಆಮೇಲೆ ರೇಡಿಯೇಶನ್, ಪೆಟ್ಟಿಗೆ ಉಳಿಯುತ್ತದೆ. ಕರಗದಿದ್ದರೆ ಮತ್ತೆ ಅದೇ ಆಪರೇಷನ್. ಅಂದರೆ ಔಷಧಿಯೇ ಪರೀಕ್ಷೆ, ಔಷಧಿಯೇ ಉತ್ತರ. ಎಕ್ಸೈಟಿಂಗ್!

"ಕೀಮೋ!" ಎಂದು ಕೂಗಿದೆ. ಡಾಕ್ಟರು ತುಟಿಯ ಮೇಲೆ ಬೆರಳಿಟ್ಟರು.

ಕಾಲೇಜಿನಲ್ಲಿ ಪ್ರೆಸಿ ರೈಟಿಂಗ್, ಅಂದರೆ ಉದ್ದದ್ದನ್ನು ಮೂರನೇ ಒಂದು ಭಾಗಕ್ಕೆ ಇಳಿಸಿ ಬರೆಯುವುದನ್ನು, ಕಲಿಸುವ ಲೆಕ್ಚರರು "ಒನ್ ಥರ್ಡ್, ಶಂಭುಲಿಂಗ, ಒನ್ ಥರ್ಡ್!" ಎಂದು ಬೈಯುತ್ತಿದ್ದರು. ಉದ್ದ ಬರೆದರೆ ಸೊನ್ನೆ. ಇಲ್ಲಿ ಸೊನ್ನೆ ಕೊಡುವವರು ಯಾರೂ ಇಲ್ಲ. ಗಂಗಾಂಬಿಕಾ ಇದ್ದಾಗ ದಿನದ ವರದಿಯೆಲ್ಲ ಅವಳಿಗೆ ಹೋಗುತ್ತಿತ್ತು. ಅವಳು ಹೂಂ ಅನ್ನುತ್ತಾ ಕೇಳುತ್ತಿದ್ದಳು. ಅವಳು ಹೋಗಿ ನಾಲ್ಕು ವರ್ಷ. ಈಗ ಕಾಗದಕ್ಕೆ ಹೂಂ ಅನ್ನಲು ಬರುವುದಿಲ್ಲ, ಅಷ್ಟೇ ವ್ಯತ್ಯಾಸ.

ಊಟದ ಹೊತ್ತಿಗೆ ಸೊಸೆ ಏನೋ ಹೇಳುತ್ತಿದ್ದಳು. ನಾನು ಧ್ವನಿಪೆಟ್ಟಿಗೆಯ ಚಿತ್ರ ಬರೆದು ಮಗನಿಗೆ ವಿವರಿಸುವುದರಲ್ಲಿದ್ದೆ.

ಜೂನ್ 3

ಮೊದಲ ಸುತ್ತು! ಹೊಸಪೇಟೆಯ ಆಸ್ಪತ್ರೆಯ ಕೀಮೋ ವಾರ್ಡು ತಣ್ಣಗೆ, ಚೊಕ್ಕ. ಕುರ್ಚಿ ಎಂದರೆ ಕುರ್ಚಿಯಲ್ಲ, ಹಿಂದಕ್ಕೆ ಬಾಗಿ ಮಂಚವಾಗುತ್ತದೆ. ಸ್ಲೀಪರ್ ಬಸ್ಸೇ!

ಮುಖ್ಯ ಔಷಧಿಯ ಹೆಸರು ಸಿಸ್‌ಪ್ಲಾಟಿನ್. ಪ್ಲಾಟಿನಂ ಕಣ್ರೀ! ಗಂಗಾಂಬಿಕಾಳ ಕೊರಳಿಗೆ ಒಂದೆಳೆ ಚಿನ್ನ ಹಾಕಿಸಲು ಒದ್ದಾಡಿದವನ ರಕ್ತದಲ್ಲಿ ಈಗ ಪ್ಲಾಟಿನಂ ಹರಿಯುತ್ತಿದೆ. ಅದು ಮೂತ್ರಪಿಂಡಕ್ಕೆ ಕೆಡುಕಂತೆ, ಹಾಗಾಗಿ ಸಲೈನ್ ಸಿಕ್ಕಾಪಟ್ಟೆ ಬಿಡುತ್ತಾರೆ, ಹೊರಹೋದದ್ದನ್ನು ಅಳೆಯುತ್ತಾರೆ. ಸಿಸ್ಟರ್ ಹೇಮಾವತಿ ಬಂದು "ಎಷ್ಟು ಆತ್ರೀ ಅಜ್ಜಾರ?" ಎಂದರು.

"ಒಳಹರಿವು ಉತ್ತಮ, ಹೊರಹರಿವು ಸಾಧಾರಣ. ಎಡದಂಡೆ ಕಾಲುವೆ ಬಂದ್," ಎಂದೆ.

ವಾರ್ಡಿಗೆ ವಾರ್ಡೇ ನಕ್ಕಿತು. ಒಬ್ಬರನ್ನು ಬಿಟ್ಟು. ಪಕ್ಕದ ಕುರ್ಚಿಯ ಅಂಜಿನಯ್ಯ, ಸಂಡೂರು ತಾಲ್ಲೂಕಿನ ಚೋರನೂರಿನವರು, ಹೊಲದ ಕೆಲಸ. ತಂಬಾಕಿನಿಂದ ಕೆನ್ನೆಗೆ ಬಂದು, ಆಪರೇಷನ್ ಆಗಿ, ಮತ್ತೆ ಬರಬಾರದೆಂದು ಈಗ ಹುಬ್ಬಳ್ಳಿಯಲ್ಲಿ ರೇಡಿಯೇಶನ್, ಜೊತೆಗೆ ಇಲ್ಲಿ ಕೀಮೋ. ಅರ್ಧ ದವಡೆ ಇಲ್ಲ, ಮಾತು ಗೊಳಗೊಳ. ಪಾಪ, ಅವರ ಮನಸ್ಸಿಗೆ ಧೈರ್ಯ ಬರಲೆಂದು ಇಡೀ ದಿನ ಡ್ಯಾಮಿನ ಕಥೆ ಹೇಳಿದೆ. ಅವರೂ ನಡುನಡುವೆ ಕೈಯೆತ್ತಿ ಏನೋ ಅನ್ನುತ್ತಿದ್ದರು. ಮೆಚ್ಚಿಕೊಂಡಿರಬೇಕು.

ಡಾಕ್ಟರು ಕೊನೆಗೊಂದು ಮಾತು ಹೇಳಿದರು: ಜ್ವರ ಬಂದರೆ, ಕಿವಿಯಲ್ಲಿ ಗುಂಯ್ ಅಂದರೆ ಕೂಡಲೇ ತಿಳಿಸಬೇಕು. ಕಿವಿಗೆ ತೊಂದರೆಯಾದರೆ ಈ ಔಷಧಿ ಬದಲಿಸಬೇಕಾಗುತ್ತದೆ. ಸರಿ ಸರಿ ಎಂದೆ.

ಜೂನ್ 6

ಒಂದು ಸುತ್ತಿನಲ್ಲಿ ಮೂರು ಔಷಧಿ. ಅದರಲ್ಲಿ ಮೂರನೆಯದು ಒಂದು ಪುಟ್ಟ ಬಾಟಲಿಯಲ್ಲಿ ಮನೆಗೇ ಬಂದಿದೆ. ತೋಳಿನ ನಳಿಕೆಗೆ ಸೇರಿಸಿ, ಚೀಲದಲ್ಲಿ ಹಾಕಿ ಕೊರಳಿಗೆ ನೇತುಹಾಕಿದ್ದಾರೆ. ದಿನಗಟ್ಟಲೆ ಹನಿಹನಿಯಾಗಿ ಇಳಿಯುತ್ತದಂತೆ. ಕೊರಳಲ್ಲಿ ಇಷ್ಟಲಿಂಗದ ಪಕ್ಕ ಇದೂ ಒಂದು. ಬೆಳಿಗ್ಗೆ ಪೂಜೆ ಮಾಡುವಾಗ ಎರಡಕ್ಕೂ ಕೈಮುಗಿದೆ. ಕಾಯುವವರು ಯಾರಾದರೇನು!

ಜೂನ್ 8

ವಾಂತಿ. ಒನ್ ಥರ್ಡ್ ಸಾಕು.

ಜೂನ್ 18

ಕೂದಲು ಹೋಯಿತು. ಬಾಚಣಿಗೆಗೆ ಬಂದದ್ದನ್ನು ನೋಡಿ ಕ್ಷೌರಿಕನ ಬಳಿಗೇ ಹೋಗಿ ಪೂರ್ತಿ ತೆಗೆಸಿದೆ. ಬರುವಾಗ ಎದುರುಮನೆಯ ಶಾಂತಕ್ಕ "ಯಾವಾಗ ಬಂದ್ರಿ ತಿರುಪತಿಯಿಂದ? ಪ್ರಸಾದ ಎಲ್ಲೈತ್ರಿ?" ಎಂದಳು. ಮನೆಯಲ್ಲಿದ್ದ ಕಲ್ಲುಸಕ್ಕರೆ ಕೊಟ್ಟುಬಿಟ್ಟೆ!

ನಿಜವಾದ ಸುದ್ದಿ ಬೇರೆ ಇದೆ. ಮಧ್ಯಾಹ್ನ ಮೊಸರನ್ನದ ತುತ್ತು ಗಂಟಲಲ್ಲಿ ಎಲ್ಲೂ ತಡೆಯದೆ ಇಳಿಯಿತು. ಮೂರು ತಿಂಗಳಿಂದ ಅಲ್ಲೊಂದು ಕಲ್ಲು ಕೂತಿತ್ತು. ಎದ್ದು ಕುಣಿಯುವುದೊಂದು ಬಾಕಿ. "ಬಸವಾ! ಇಳೀತು!" ಎಂದು ಕೂಗಿದೆ. ಅವನು ಸಂಡೂರಿನ ಮೈನ್ಸ್ ಆಫೀಸಿಗೆ ಹೋಗಿದ್ದ. ಸೊಸೆ ಸೌಟು ಹಿಡಿದೇ ಓಡಿಬಂದಳು.

ಜೂನ್ 24

ಎರಡನೆಯ ಸುತ್ತು. ಇವತ್ತು ಅಂಜಿನಯ್ಯನವರ ಮಾತು ಮೊಟ್ಟಮೊದಲ ಬಾರಿಗೆ ಅರ್ಥವಾಯಿತು! ನಾನು ಬಲದಂಡೆ ಕಾಲುವೆಯ ಇತಿಹಾಸದಲ್ಲಿದ್ದೆ. ಅವರು ಕೈಯೆತ್ತಿ ಮೂರು ಸಲ ಒಂದೇ ಮಾತು ಅಂದರು. ಗಂಟಲು ನೋಯುತ್ತಿದ್ದರಿಂದ ನಾನು ಸುಮ್ಮನಾದೆ. ನಾಲ್ಕನೆಯ ಸಲ ಕೇಳಿಸಿತು.

"ರೇಡಿಯೋ... ಬಂದ್... ಮಾಡ್ರಿ."

ಹೋದ ಸಲವೂ ಇದನ್ನೇ ಅನ್ನುತ್ತಿದ್ದರಂತೆ! ಸಿಸ್ಟರ್ ಹೇಮಾವತಿ ಗೋಡೆಗೆ ತಿರುಗಿ ನಕ್ಕರು. ನಾನೂ ನಕ್ಕೆ, ಗಂಟಲು ಉರಿಯುವವರೆಗೆ. ಆಮೇಲೆ ಬಂದ್ ಮಾಡಿದೆ. ಮಾಡಿದ ಮೇಲೆ ಅವರು ಶುರುಮಾಡಿದರು. ಸಜ್ಜೆ ರೊಟ್ಟಿಯ ಬಗ್ಗೆ. ಅವರಿಗೆ ಈಗ ಗಂಜಿಯಷ್ಟೇ. ರೊಟ್ಟಿಯ ಅಂಚು ಕರಕಲಾಗಿರಬೇಕಂತೆ, ಅದನ್ನು ಮುರಿದಾಗ ಸದ್ದು ಬರಬೇಕಂತೆ. ಹೆಂಡತಿ ಬಡಿಯುವ ಸದ್ದು ಕೇಳಿದರೆ ಎಷ್ಟನೆಯ ರೊಟ್ಟಿ ಎಂದು ಗೊತ್ತಾಗುತ್ತದಂತೆ, ಮೊದಲು ಬಿರುಸು, ಕೊನೆಕೊನೆಗೆ ಸುಸ್ತು. ಮನುಷ್ಯ ಭಲೇ ಮಾತುಗಾರ!

ಜುಲೈ 4

ಗೇಟು ತೆಗೆದರು! ಮಧ್ಯಾಹ್ನ ಮಲಗಿದ್ದೆ, ಡ್ಯಾಂ ಸೈರನ್ ಹೊಡೆಯಿತು. ಉದ್ದಕ್ಕೆ, ಬಿಡದೆ. ಹಾಸಿಗೆಯಿಂದ ಜಿಗಿದೆ. ಮಲೆನಾಡಿನ ಕಡೆ ಮಳೆ ಜೋರಿದೆಯೆಂದು ಪೇಪರಿನಲ್ಲಿತ್ತು, ಒಳಹರಿವು ಏರಿರಬೇಕು. ಆಫೀಸಿನವರು ನನಗೆ ಹೇಳಿಲ್ಲ! ಕಾಯಿಲೆಯವನೆಂದು ಬಿಟ್ಟಿದ್ದಾರೆ. ಕೋಪ ನುಂಗಿ ಮೊದಲು ಕಂಪ್ಲಿಗೆ ಫೋನ್ ಮಾಡಿದೆ, ಮೂಕಣ್ಣನಿಗೆ. ನದಿಗೆ ತಾಗಿಯೇ ಅವನ ಗದ್ದೆ, ಪಂಪ್‌ಸೆಟ್ಟು ನೀರಿನ ಅಂಚಿನಲ್ಲೇ ಇರುತ್ತದೆ.

"ಮೂಕಣ್ಣಾ, ಎತ್ತಲೇ ಪಂಪು! ಗೇಟು ತೆಗ್ದಾರ!"

"ಯಾರ್ರೀ? ಶಂಭಣ್ಣಾರೇನ್ರಿ? ಧ್ವನಿ ಹರಕಾಗೈತಲ್ರಿ!"

"ಹರಕಾದ್ರೂ ನಂದ ಐತಿ. ಜಲ್ದಿ!"

"ಆತ್ರಿ, ಎತ್ತು ಹೂಡ್ತೀನಿ," ಎಂದ. ಒಂದು ಪ್ರಶ್ನೆ ಕೇಳಲಿಲ್ಲ. ಅದೇ ನಂಬಿಕೆ! ಹರಕು ಧ್ವನಿಗೂ ಅವನು ಎತ್ತು ಹೂಡುತ್ತಾನೆ. ಶಂಭುಲಿಂಗ ಈಸ್ ಸ್ಟಿಲ್ ಶಂಭುಲಿಂಗ!

ಜುಲೈ 5

ಗೇಟು ತೆಗೆದಿಲ್ಲ.

ಮೂಕಣ್ಣ ಬೆಳಿಗ್ಗೆ ಫೋನ್ ಮಾಡಿದ. "ಶಂಭಣ್ಣಾ, ಯಾವ ಡ್ಯಾಮಿಂದ್ರಿ ಗೇಟು? ಇಲ್ಲಿ ನೀರು ಮೊಣಕಾಲಿಗೂ ಇಲ್ಲ. ಪಂಪಿಲ್ದ ಸಸಿಮಡಿ ಒಣಗಾಕ ಹತ್ತೈತಿ, ತಮ್ಮ ನನ್ನ ಮ್ಯಾಲ ಹರಿಹಾಯ್ದ. ಕನಸು ಬಿತ್ತೇನ್ರಿ ನಿಮಗ?"

ಸೈರನ್ ಈಗಲೂ ಹೊಡೆಯುತ್ತಿದೆ. ಕಿಟಕಿ ಮುಚ್ಚಿದೆ, ಹೊಡೆಯುತ್ತಿದೆ. ದಿಂಬಿನ ಕೆಳಗೆ ತಲೆ ಹಾಕಿದೆ, ಇನ್ನೂ ಜೋರಾಯಿತು. ಡ್ಯಾಮಿನದಲ್ಲ, ನನ್ನದು.

ಡಾಕ್ಟರಿಗೆ ಹೇಳಬೇಕು. ಹೇಳಿದರೆ ಪ್ಲಾಟಿನಂ ಬದಲಿಸುತ್ತಾರೆ. ಬದಲಿ ಎಂದರೆ ಕಡಿಮೆ ಬಲದ್ದೇ ಇರಬೇಕು, ಬಲವಾದದ್ದಿದ್ದರೆ ಮೊದಲೇ ಕೊಡುತ್ತಿರಲಿಲ್ಲವೇ? ಆಗ ಗಡ್ಡೆ ಕರಗದಿದ್ದರೆ ಪೆಟ್ಟಿಗೆ ಹೋಯಿತು. ಇನ್ನು ಒಂದೇ ಸುತ್ತು ಉಳಿದಿದೆ. ಕಿವಿ ಹೋದರೆ ಹೋಗಲಿ. ಕೂಗುವವನಿಗೆ ಕಿವಿ ಯಾತಕ್ಕೆ?

ಹೇಳುವುದಿಲ್ಲ. ತೀರ್ಮಾನವಾಯಿತು. ತೀರ್ಮಾನ ಮಾಡಿದ ಮೇಲೆ ಹುರುಪು ಬಂತು, ಎರಡು ಇಡ್ಲಿ ತಿಂದೆ.

ಜುಲೈ 10

ಜ್ವರ ನೋಡಲು ಕಂಕುಳಲ್ಲಿ ಥರ್ಮಾಮೀಟರ್ ಇಟ್ಟುಕೊಂಡು ಕೂತಿದ್ದೆ. ಅದು ಕೂಗಿದ ಮೇಲೆ ತೆಗೆಯಬೇಕು. ಕೂಗಲೇ ಇಲ್ಲ. ಪೇಪರು ಮುಗಿಯಿತು, ಅದರ ಜಾಹೀರಾತುಗಳೂ ಮುಗಿದವು. ಸೊಸೆ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು.

"ಮಾವಾರ, ಅದು ಆವಾಗ್ಲೇ ಕೂಗಿತ್ರಿ."

"ಬ್ಯಾಟರಿ ಹೋಗೇತಿ ಇದರದು."

ಅವಳು ಥರ್ಮಾಮೀಟರ್ ತೆಗೆದುಕೊಂಡು ತನ್ನ ಕಂಕುಳಲ್ಲಿಟ್ಟುಕೊಂಡು ನನ್ನ ಎದುರಿಗೇ ಕೂತಳು. ಸ್ವಲ್ಪ ಹೊತ್ತಿಗೆ ಹೊರತೆಗೆದಳು. "ಈಗ ಕೂಗ್ತು. ಕೇಳಿಸ್ತೇನ್ರಿ?"

ನಾನು ಡ್ಯಾಮಿನ ಮಾತು ತೆಗೆಯಲು ನೋಡಿದೆ. ಗಂಟಲಿನಿಂದ ಗಾಳಿ ಮಾತ್ರ ಬಂತು. ಹಾಗಾಗಿ ಅವಳು ಮಾತಾಡಿದಳು.

ಅವಳ ತವರು ಕಂಪ್ಲಿಯ ಹತ್ತಿರದ ನದಿದಂಡೆಯ ಊರು ಎಂದು ಗೊತ್ತಿತ್ತು. ಚಿಕ್ಕವಳಿದ್ದಾಗ ಪ್ರತಿ ಮಳೆಗಾಲ ನಮ್ಮ ಜೀಪಿನ ಹಿಂದೆ ಓಡುತ್ತಿದ್ದಳೆಂದು ಗೊತ್ತಿರಲಿಲ್ಲ! ಅವಳ ಅಜ್ಜಿ ಜಂಬಮ್ಮ ನನಗೆ ಬೈಯುತ್ತಿದ್ದಳಂತೆ, "ಬಂತು ನೋಡು ಮೈಕಾಸುರ, ಇನ್ನ ಕುಳ್ಳು ಕಟಿಗಿ ಎಲ್ಲಾ ಮ್ಯಾಲೆ ಹೊರಬೇಕು" ಎಂದು. ಬೈಯುತ್ತಲೇ ಬೆರಣಿ, ಸೌದೆ ಎಲ್ಲವನ್ನೂ ಹೊರುತ್ತಿದ್ದಳಂತೆ. ಹೆಣ್ಣು ನೋಡಲು ನಾವು ಹೋದಾಗ ಇವಳು ಒಳಗಿನ ಕೋಣೆಯಲ್ಲಿದ್ದಳು. ನಾನು ಪಡಸಾಲೆಯಲ್ಲಿ ಒಂದು ಮಾತಾಡಿದ್ದೇ ತಡ, ಅಜ್ಜಿ ಮೊಮ್ಮಗಳು ಇಬ್ಬರೂ ಸೆರಗು ಬಾಯಿಗೆ ತುರುಕಿಕೊಂಡು ನಕ್ಕರಂತೆ. "ಮೈಕಾಸುರನ ಮನಿಗೇ ಹೊಂಟಿಯಲ್ಲೇ," ಎಂದಳಂತೆ ಅಜ್ಜಿ.

"ಇಷ್ಟು ವರ್ಷ ಯಾಕ ಹೇಳ್ಲಿಲ್ಲ?" ಎಂದು ಪಿಸುಗುಟ್ಟಿದೆ.

"ಸಂದು ಸಿಗ್ಬೇಕಲ್ರಿ ಮಾವಾರ," ಎಂದಳು.

ಎಂಥ ಕಥೆ! ರಾತ್ರಿಯ ಊಟದವರೆಗೂ ಕೇಳಿದೆ. ಕೇಳುವಾಗ ಸೈರನ್ ಸ್ವಲ್ಪ ತಗ್ಗುತ್ತದೆ, ವಿಚಿತ್ರ.

ಜುಲೈ 14

ನಾಳೆ ಕೊನೆಯ ಸುತ್ತು. ಇವತ್ತು ರಕ್ತ ಕೊಡಲು ಹೋದಾಗ ಡಾಕ್ಟರು ಕೇಳಿದರು, "ಕಿವಿ ಹೆಂಗಿದಾವ್ರಿ?" "ಫಸ್ಟ್ ಕ್ಲಾಸ್!" ಎಂದೆ. ಹಿಂದಿನಿಂದ ಸೊಸೆ ಸ್ಫೂರ್ತಿ ಹೇಳಿದಳು: "ಸುಳ್ಳು ಸರ್. ಥರ್ಮಾಮೀಟರ್ ಕೂಗಿದ್ದು ಕೇಳಂಗಿಲ್ಲ. ಬರೇ ಸೈರನ್ ಕೇಳ್ತೈತಿ ಇವರಿಗೆ. ಕಂಪ್ಲಿಗೆ ಫೋನ್ ಮಾಡಿ ಪಂಪ್ ಎತ್ತಿಸ್ಯಾರ."

ಮೂಕಣ್ಣನ ವಿಷಯ ಇವಳಿಗೆ ಹೇಗೆ ಗೊತ್ತು! ಅವನ ತಮ್ಮನ ಹೆಂಡತಿ ಇವಳ ಗೆಳತಿಯಂತೆ.

ಮನೆಗೆ ಬಂದು ಬಾಗಿಲು ಹಾಕಿಕೊಂಡಿದ್ದೇನೆ. ನನ್ನ ಧ್ವನಿಯನ್ನು ಇವಳು ಒಂದು ಮಾತಿನಲ್ಲಿ ಕಳೆದಳು.

ಜುಲೈ 15

ಬರೆಯಲೇಬೇಕು! ಬೆಳಿಗ್ಗೆ ಕಿವಿಗೆ ಹೆಡ್‌ಫೋನು ಹಾಕಿ ಗಾಜಿನ ಕೋಣೆಯಲ್ಲಿ ಕೂರಿಸಿದರು. ಸದ್ದು ಕೇಳಿದಾಗ ಗುಂಡಿ ಒತ್ತಬೇಕು. ದಪ್ಪ ಸದ್ದುಗಳಿಗೆಲ್ಲ ಒತ್ತಿದೆ. ಆಮೇಲೆ ಸುಮ್ಮನೆ ಕೂತಿದ್ದೆ. ಗಾಜಿನಾಚೆ ಪರೀಕ್ಷೆ ಮಾಡುವ ಹುಡುಗಿ ಏನೇನೋ ತಿರುಗಿಸುತ್ತಲೇ ಇದ್ದಳು, ನನಗೆ ನಿಶ್ಶಬ್ದ, ಸೈರನ್ ಬಿಟ್ಟರೆ.

ಸಣ್ಣ, ಕೀಚಲು ಸದ್ದುಗಳು ಹೋಗಿವೆ, ಬಹುಶಃ ಮರಳುವುದಿಲ್ಲ. ಮಾತು ಕೇಳುವ ಭಾಗ ಗಟ್ಟಿಯಾಗಿದೆ. "ಇನ್ನೊಂದು ಸುತ್ತು ಇದನ್ನೇ ಹಾಕಿದ್ರ ಅದೂ ಹೋಗ್ತಿತ್ತು ಶಂಭುಲಿಂಗಪ್ಪಾರ," ಎಂದರು ಡಾಕ್ಟರು. ಸಿಸ್‌ಪ್ಲಾಟಿನ್ ಬದಲು ಕಾರ್ಬೋಪ್ಲಾಟಿನ್. ಅದರ ದಾಯಾದಿ, ಕಿವಿಗೆ ಮೆತ್ತಗೆ.

"ಬಲ ಕಮ್ಮಿ ಅಲ್ರೀ ಡಾಕ್ಟ್ರೇ?"

"ಸ್ವಲ್ಪ ಕಮ್ಮಿ, ಸುಳ್ಳು ಹೇಳಂಗಿಲ್ಲ. ಆದ್ರ ನಿಮಗ ತುತ್ತು ಇಳಿಯಾಕ ಹತ್ತೈತೋ ಇಲ್ಲೋ? ಎರಡು ಸುತ್ತು ಮಾಡೋ ಕೆಲಸ ಮಾಡ್ಯಾವ. ಗಂಟಲು ಉಳ್ಸಾಕ ಕಿವಿ ಮಾರಿದ್ರ, ಮಂದಿ 'ಯಾವಾಗ ಗೇಟು?' ಅಂತ ಕೇಳಿದ್ದು ನಿಮಗ ಹೆಂಗ ಕೇಳ್ತೈತಿ?"

ಇದನ್ನು ನಾನು ಯೋಚಿಸಿರಲಿಲ್ಲ. ಜೀಪಿನಿಂದ ಕೂಗುವಾಗ ಜನ ಏನೋ ಕೇಳುತ್ತಿದ್ದುದು ಹೌದು.

ವಾರ್ಡಿನಲ್ಲಿ ಅಂಜಿನಯ್ಯ ಏನೋ ಹೇಳಿದರು, ಸಿಸ್ಟರಿಗೆ ತಿಳಿಯಲಿಲ್ಲ. "ಬೆನ್ನಿಗೆ ಚಳಿ ಹತ್ತೈತಂತ್ರಿ, ಫ್ಯಾನ್ ಕಮ್ಮಿ ಮಾಡ್ರಿ ಅಂತಾರ," ಎಂದೆ. ಅಷ್ಟು ಸ್ಪಷ್ಟವಾಗಿ ಹೇಳಿದ್ದು ಇವರಿಗೆ ಯಾಕೆ ಕೇಳುವುದಿಲ್ಲವೋ. ಆಮೇಲೆ ದಿನವಿಡೀ ಎರಡೂ ಪಾಳಿಯ ಸಿಸ್ಟರುಗಳು ನನ್ನನ್ನೇ ಕರೆದರು: "ಅಜ್ಜಾರ, ಏನಂತಾರ ಇವರು?"

ಸ್ಫೂರ್ತಿಗೆ ಇನ್ನೂ ಏನೂ ಹೇಳಿಲ್ಲ. ಅವಳು ತಂದ ಎಳನೀರು ಕುಡಿದೆ.

ಜುಲೈ 27

ಸುಸ್ತು ಹೋಗಿದೆ. ಗಂಗಾಂಬಿಕಾಳ ಫೋಟೋ ಒರೆಸುತ್ತಾ, ಅವಳು ಏನೇನು ಮಾತಾಡುತ್ತಿದ್ದಳು ಎಂದು ನೆನೆಸಿಕೊಳ್ಳಲು ನೋಡಿದೆ. ನೆನಪಾದದ್ದು ಹೂಂ ಮಾತ್ರ. ಸ್ಫೂರ್ತಿಯನ್ನು ಕೇಳಿದೆ.

"ಅತ್ತಿನಾ? ಭಾಳ ಮಾತಾಡೋರ್ರಿ!" ಎಂದಳು. "ನಿಮ್ಮ ಜೀಪು ಕಂಪ್ಲಿ ಕಡೆ ಹೋತಂದ್ರ ಅವತ್ತು ನಮ್ಮಿಬ್ಬರದು ಹಬ್ಬ. ಮಿರ್ಚಿ ಮಂಡಕ್ಕಿ ಮಾಡ್ಕೊಂಡು ಮಾತಿಗೆ ಕುಂದ್ರತಿದ್ವಿ. ಹಂಪಿಯ ಹೊಳ್ಯಾಗ ಈಜು ಕಲ್ತಿದ್ದು, ಸಾಲಿ ತಪ್ಪಿಸಿ ತೆಪ್ಪ ಹತ್ತಿದ್ದು, ಎಲ್ಲಾ ಹೇಳೋರು."

ಗಂಗಾಂಬಿಕಾಳಿಗೆ ಈಜು ಬರುತ್ತಿತ್ತು! ಇನ್ನೂ ಹೇಳು ಎಂದೆ. ಮಿರ್ಚಿ ಮಂಡಕ್ಕಿ ಮಾಡಿದಳು, ನನಗೆ ಖಾರವಿಲ್ಲದ್ದು. ಸಂಜೆ ಕತ್ತಲಾದದ್ದು ತಿಳಿಯಲಿಲ್ಲ.

ಆಗಸ್ಟ್ 6

ಉಳಿಯಿತು! ಉಳಿಯಿತು! ಉಳಿಯಿತು!

ಮೂಗಿನಿಂದ ನಳಿಕೆ ಬಿಟ್ಟು ನೋಡಿದರು, ಸ್ಕ್ಯಾನ್ ನೋಡಿದರು. ಡಾಕ್ಟರು ಪರದೆ ನನ್ನ ಕಡೆ ತಿರುಗಿಸಿದರು. ನನ್ನ ಧ್ವನಿಯನ್ನು ನಾನೇ ಕಣ್ಣಾರೆ ಕಂಡೆ, ಎರಡು ಬಿಳಿಯ ಎಳೆ. ಜೂನ್‌ನಲ್ಲಿ ಒಂದು ಅಲುಗುತ್ತಿರಲಿಲ್ಲ. ಈಗ "ಈ..." ಅನ್ನಿ ಎಂದರು. ಅಂದೆ. ಎರಡೂ ಅಲುಗಿದವು. ಡ್ಯಾಮಿನ ಗೇಟೇ!

"ಪಾರ್ಶಿಯಲ್ ರೆಸ್ಪಾನ್ಸ್," ಎಂದರು. ಬಸವಕುಮಾರ ಹೆದರಿದ. ಅರ್ಧಕ್ಕಿಂತ ಎಷ್ಟೋ ಹೆಚ್ಚು ಕರಗಿದೆಯಂತೆ, ಪೂರ್ತಿ ಮಾಯವಾಗಿಲ್ಲ ಅಷ್ಟೇ, ಅದಕ್ಕೆ ಆ ಹೆಸರು. ಉಳಿದದ್ದಕ್ಕೆ ಹುಬ್ಬಳ್ಳಿಯಲ್ಲಿ ರೇಡಿಯೇಶನ್, ಏಳು ವಾರ, ಜೊತೆಗೆ ಅದಕ್ಕೆ ಬಲ ಕೊಡಲು ಸಣ್ಣ ಕೀಮೋ. ಗೆದ್ದೇಬಿಟ್ಟೆ ಎನ್ನುವಂತಿಲ್ಲ, ಮುಂದೆಯೂ ನೋಡುತ್ತಿರಬೇಕು. ಆದರೆ ಆಪರೇಷನ್ ಈಗ ಬೇಡ.

ಸ್ಫೂರ್ತಿ ಹೊರಗೆ ಬೆಂಚಿನಲ್ಲಿ ಕೂತಿದ್ದಳು. "ಒಳ್ಳೇದಾತು ನೀನು ಹೇಳಿದ್ದು," ಎಂದೆ. ಇಷ್ಟೇ. ಅವಳು ಸೆರಗಿನಿಂದ ಮೂಗು ಒರೆಸಿಕೊಂಡು "ಆಟೋ ಕರೀತೀನ್ರಿ," ಎಂದಳು.

ಆಗಸ್ಟ್ 11

ನಾಳೆ ಹುಬ್ಬಳ್ಳಿಗೆ ಹೊರಡಬೇಕು. ಚೀಲ ಕಟ್ಟುತ್ತಿದ್ದೆ. ಸೈರನ್ ಹೊಡೆಯಿತು. ನಾನು ಅಂಗಿ ಮಡಿಸುವುದನ್ನು ಬಿಡಲಿಲ್ಲ. ಹೊಡೆದುಕೊಳ್ಳಲಿ, ಅಭ್ಯಾಸವಾಗಿದೆ. ಸ್ಫೂರ್ತಿ ಅಡುಗೆಮನೆಯಿಂದ ಓಡಿಬಂದಳು.

"ಮಾವಾರ! ಸೈರನ್!"

"ನಿನಗೂ ಕೇಳ್ತೇನು?"

"ಊರಿಗೆಲ್ಲಾ ಕೇಳಾಕ ಹತ್ತೈತ್ರಿ!"

ಅಬ್ಬಾ, ನಿಜದ್ದು! ಬಾಗಿಲಿಗೆ ಓಡಿದೆವು. ಆಫೀಸಿನ ಜೀಪು ಆಗಲೇ ರಸ್ತೆಯಲ್ಲಿತ್ತು. ಅದರಿಂದ ನನ್ನ ಧ್ವನಿ! ಹೋದ ವರ್ಷ ರೆಕಾರ್ಡ್ ಮಾಡಿಟ್ಟಿದ್ದರಂತೆ. "ನದಿಪಾತ್ರದ ಜನರು..." ನಾನು ರಸ್ತೆಯ ಅಂಚಿನಲ್ಲಿ ನಿಂತು ಕೇಳಿದೆ. ಏನು ಗತ್ತು, ಏನು ಗಂಟಲು! ಒಬ್ಬ ಮುದುಕಿ ಗಾಡಿಯ ಬಳಿ ಹೋಗಿ ಏನೋ ಕೇಳಿದಳು. ರೆಕಾರ್ಡು ಮುಂದೆ ಹೋಯಿತು. ನಾನು ಹತ್ತಿರ ಹೋಗಿ "ಏನಂದ್ರಿ ಯವ್ವಾ?" ಎಂದೆ. ಹೊಳೆದಂಡೆಯಲ್ಲಿ ಮೇಕೆ ಕಟ್ಟಿದ್ದಾಳಂತೆ, ಎಷ್ಟು ಹೊತ್ತು ಇದೆ ಎಂದು ಕೇಳಿದಳು. ಈಗಲೇ ಬಿಚ್ಚಿ ಎಂದೆ.

ಆಗ ಮೂಕಣ್ಣ ನೆನಪಾದ. ಒಮ್ಮೆ ಮೋಸ ಹೋದವನು, ಈಗ ಜೀಪಿನಲ್ಲೂ ನನ್ನದೇ ಧ್ವನಿ, ನಂಬುತ್ತಾನೆಯೇ! ಫೋನ್ ಮಾಡಿದೆ.

"ಮೂಕಣ್ಣಾ, ಗೇಟು..."

"ಶಂಭಣ್ಣಾ, ಕೈ ಮುಗೀತೀನ್ರಿ, ಮತ್ತ ಬ್ಯಾಡ. ನಮ್ಮ ತಮ್ಮ ನನ್ನ ಮನಿ ಬಿಡಿಸ್ತಾನ."

ಫೋನ್ ಇಟ್ಟೇಬಿಡುತ್ತಿದ್ದ. ನಾನು ಇನ್ನಷ್ಟು ಜೋರಾಗಿ ಹೇಳಲು ಹೋಗಿ, ನಿಲ್ಲಿಸಿದೆ. ಫೋನನ್ನು ಸ್ಫೂರ್ತಿಯ ಕೈಗೆ ಕೊಟ್ಟು ಪಕ್ಕದಲ್ಲಿ ನಿಂತೆ.

"ಕಾಕಾ, ನಾನ್ರೀ, ಸ್ಫೂರ್ತಿ. ಖರೇನ ಹೊಡ್ಯಾಕ ಹತ್ತೈತ್ರಿ," ಎಂದಳು. ಫೋನನ್ನು ಎತ್ತಿ ಡ್ಯಾಮಿನ ಕಡೆ ಹಿಡಿದಳು, ಮತ್ತೆ ಕಿವಿಗಿಟ್ಟುಕೊಂಡಳು. ಆಚೆ ಮೂಕಣ್ಣನ ಮಾತು ನನಗೂ ಕೇಳಿಸಿತು, ಅವನದು ದಪ್ಪ ಧ್ವನಿ.

"ಇದು ನಿನ್ನ ಕಿವ್ಯಾಗ ಕೇಳಿದ್ದೇನವ್ವಾ, ನಿಮ್ಮ ಮಾವಂದಾ?"

"ನಂದ್ರೀ ಕಾಕಾ."

"ಹಂಗಾದ್ರ ಎತ್ತತೀನಿ," ಎಂದ. ಅವನು ತಮ್ಮನನ್ನು ಕರೆಯುವುದು, ಎತ್ತಿನ ಕೊರಳಗಂಟೆ ಎಲ್ಲ ಫೋನಿನಲ್ಲೇ ಬಂತಂತೆ. ಗಂಟೆಯ ಸದ್ದು ನನಗೆ ಕೇಳಿಸಲಿಲ್ಲ. ಸ್ಫೂರ್ತಿ ಕೇಳಿ ಹೇಳಿದಳು.